ಚರ್ಚ್ ಮನೆಗೆ ನಾವು ಹಚ್ಚಿದ ಸಿಮೆಂಟು

ಹಳೆಯ ಕಟ್ಟಡಗಳನ್ನು ಉಳಿಸುವುದಕ್ಕೆಂದೇ ಓದಿಕೊಂಡು ಬರುವವರು ಈಗ ಇದ್ದಾರೆ. ನಮ್ಮ ಕಾಲದಲ್ಲಿ ಅಂಥ ಓದು ಇರಲಿಲ್ಲ. ರಿಪೇರಿ ಎನ್ನುತ್ತಿದ್ದೆವು, ಅಷ್ಟೆ. ಸರ್ಕಾರದ ಕಟ್ಟಡಗಳನ್ನು ನೋಡಿಕೊಳ್ಳುವ ಒಂದು ಕಛೇರಿಯಲ್ಲಿ ನಾನು ಓವರ್ಸಿಯರ್ ಆಗಿ ಸೇರಿದ್ದು ಐವತ್ತರ ದಶಕದ ನಡುವಿನಲ್ಲಿ. ಆಮೇಲೆ ಏನೇನಾದೆ ಎಂಬುದು ಈ ಬರಹಕ್ಕೆ ಬೇಡ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗ ಹುಡುಗಿಯರು ಸಿಕ್ಕಾಗಲೆಲ್ಲ, "ನೀವು ಉಳಿಸಿದ ಕಟ್ಟಡ ಯಾವುದು ಸಾರ್?" ಎಂದು ಕೇಳುತ್ತಾರೆ. ಉಳಿದವು ಕೆಲವು ಇವೆ. ಅವು ಉಳಿದದ್ದಕ್ಕೆ ನಾನೇ ಕಾರಣ ಎಂದು ಹೇಳುವ ಧೈರ್ಯ ನನಗಿಲ್ಲ. ಒಂದು ಮನೆ ಹೋದದ್ದಕ್ಕೆ ಕಾರಣ ಮಾತ್ರ ಖಚಿತವಾಗಿ ಬಲ್ಲೆ. ಅದನ್ನು ಯಾರೂ ಅಲಕ್ಷ್ಯ ಮಾಡಿರಲಿಲ್ಲ. ನಮ್ಮ ಕೈಯಲ್ಲಿದ್ದ ಅಷ್ಟೂ ಕಟ್ಟಡಗಳಲ್ಲಿ ಅತಿ ಹೆಚ್ಚು ಅಕ್ಕರೆಯಿಂದ ನೋಡಿಕೊಂಡದ್ದು ಅದನ್ನೇ.

ಜಯನಗರ ಆಗ ನಕ್ಷೆಯ ಮೇಲೆ ಹೆಚ್ಚು, ನೆಲದ ಮೇಲೆ ಕಡಿಮೆ ಇತ್ತು. ಸೌತ್ ಎಂಡ್ ಸರ್ಕಲ್ ದಾಟಿ ಸೈಕಲ್ಲು ತುಳಿದರೆ ಒಂದು ಕಡೆ ಗೂಟ ಹೊಡೆದು ಹಗ್ಗ ಎಳೆದ ಸೈಟುಗಳು, ಇನ್ನೊಂದು ಕಡೆ ರಾಗಿ ಹೊಲ. ಭೈರಸಂದ್ರದ ಕಡೆಗೆ ಹೋಗುವ ದಾರಿಯಲ್ಲಿ ಹುಣಿಸೆ ಮರಗಳ ನಡುವೆ ಆ ಮನೆ ಇತ್ತು. ಚೂಪು ಕಮಾನಿನ ಕಿಟಕಿಗಳು, ಕಿಟಕಿಗಳಿಗೆ ಬಣ್ಣದ ಗಾಜು, ಮೂಲೆಯಲ್ಲಿ ಎಂಟು ಮುಖದ ಗೋಪುರ. ವಿಲಾಯಿತಿಯ ಪುರಾತನ ಚರ್ಚುಗಳ ಮಾದರಿಯಲ್ಲಿ ಹೊಸ ಮನೆ ಕಟ್ಟಿಸುವುದು ಒಂದು ಕಾಲಕ್ಕೆ ದಂಡು ಪ್ರದೇಶದ ಬ್ರಿಟಿಷ್ ದೊರೆಗಳ ಶೋಕಿಯಾಗಿತ್ತಂತೆ. ಅವರ ಬಂಗಲೆಗಳನ್ನು ಕಟ್ಟಿಕೊಟ್ಟ ಕಂಟ್ರಾಕ್ಟರ್ ತಿಮ್ಮಪ್ಪನವರು ಇಪ್ಪತ್ತನೆಯ ಶತಮಾನದ ಮೊದಲಲ್ಲಿ ತಮಗೂ ಅಂಥದೇ ಒಂದನ್ನು ಕಟ್ಟಿಸಿಕೊಂಡರು. ಆದರೆ ಮುಂಬಾಗಿಲ ಕಮಾನಿನ ನೆತ್ತಿಯಲ್ಲಿ ಗಾರೆಯ ಗಜಲಕ್ಷ್ಮಿಯನ್ನು ಕೂರಿಸಿದರು. ಎದುರಿಗೆ ತುಳಸಿಕಟ್ಟೆ. ಸುತ್ತಲ ಹಳ್ಳಿಯವರು ಅದನ್ನು ಚರ್ಚ್ ಮನೆ ಎಂದೇ ಕರೆಯುತ್ತಿದ್ದರು. ತುಳಸಿಗೆ ನೀರು ಹಾಕುತ್ತಿದ್ದ ಮನೆಯವರೂ ಹಾಗೇ ಕರೆಯುತ್ತಿದ್ದರು.

ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ತಿಮ್ಮಪ್ಪನವರು ತೀರಿಕೊಂಡು ಬಹಳ ಕಾಲವಾಗಿತ್ತು. ಅವರ ಹಿರಿಯ ಮಗನೂ ಬದುಕಿರಲಿಲ್ಲ. ಸೊಸೆ ಸಾವಿತ್ರಮ್ಮ, ಮಕ್ಕಳಿಲ್ಲದ ವಿಧವೆ, ಮನೆಯನ್ನು ಹೆಣ್ಣುಮಕ್ಕಳ ಶಾಲೆಗೆಂದು ಸರ್ಕಾರಕ್ಕೆ ಕೊಟ್ಟಿದ್ದರು. ತಾವು ಇರುವವರೆಗೆ ಹಿಂದಿನ ಎರಡು ಕೋಣೆ ತಮಗೆ ಬಿಡಬೇಕು, ಶಾಲೆಗೆ ಮಾವನವರ ಹೆಸರಿರಬೇಕು, ಇಷ್ಟೇ ಅವರು ಕೇಳಿದ್ದು. ಎರಡನ್ನೂ ಒಪ್ಪಲಾಗಿತ್ತು. ಗೇಟಿನ ಮೇಲೆ ತಿಮ್ಮಪ್ಪನವರ ಹೆಸರಿನ ಹಲಗೆ ತೂಗುತ್ತಿತ್ತು. ಮೈದುನನ ಮಗ ನಾಗರಾಜನಿಗೆ ಈ ದಾನ ಹಿಡಿಸಿರಲಿಲ್ಲ. ಬನಶಂಕರಿ ದೇವಸ್ಥಾನದ ಹತ್ತಿರ ಅವನಿಗೆ ತೋಟವಿತ್ತು. ಆಗಾಗ ತರಕಾರಿ ತಂದುಕೊಟ್ಟು ಜೊತೆಗೆ ನಾಲ್ಕು ಕೊಂಕು ಮಾತನ್ನೂ ಕೊಟ್ಟು ಹೋಗುತ್ತಿದ್ದ.

ಸಾವಿತ್ರಮ್ಮ ನನ್ನನ್ನು ಮೊದಲು ಕಂಡ ದಿನ ಕೇಳಿದ ಪ್ರಶ್ನೆ ನೆನಪಿದೆ.

"ನೀವೇನಾ ಹೊಸ ಓವರ್ಸಿಯರ್ರು? ಮೀಸೆ ಬಂದಿದೆಯಾ ಸರಿಯಾಗಿ?"

"ಬರ್ತಾ ಇದೆ ಅಮ್ಮ" ಎಂದೆ.

"ಬರ್ಲಿ, ಬರ್ಲಿ. ಅಷ್ಟರಲ್ಲಿ ಆ ಈಶಾನ್ಯದ ಕೋಣೆ ಸೋರೋದು ನಿಲ್ಲಿಸಿ."

ಅವರ ಮಾತು ಹಾಗೆ. ಮಾವನವರ ವಿಷಯ ಬಂದಾಗ ಮಾತ್ರ ತಮಾಷೆ ನಿಂತುಹೋಗುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಹುಳಿ ಉಪ್ಪಾಗಿದೆ ಎಂದು ಅತ್ತೆ ಗದರಿದಾಗ, ಆ ಮನುಷ್ಯ ಅದೇ ಹುಳಿಯನ್ನು ಎರಡು ಸಲ ಬಡಿಸಿಕೊಂಡು ಉಂಡರಂತೆ. "ಒಂದು ಸುಳ್ಳು ಹೇಳಿದೋರಲ್ಲ, ಒಂದು ಕಳ್ಳ ಕೆಲಸ ಮಾಡಿದೋರಲ್ಲ. ನನ್ನ ಹುಳಿ ಚೆನ್ನಾಗಿದೆ ಅಂದಿದ್ದೊಂದೇ ಸುಳ್ಳು" ಎನ್ನುತ್ತಿದ್ದರು. ಆ ಹೆಸರು ಹೆಣ್ಣುಮಕ್ಕಳ ಬಾಯಲ್ಲಿ ಉಳಿಯಲಿ ಎಂಬುದೊಂದೇ ಅವರಿಗಿದ್ದ ಆಸೆ.

ನಮ್ಮ ಮೇಲಿನ ಅಧಿಕಾರಿ ಎಕ್ಸಿಕ್ಯುಟಿವ್ ಇಂಜಿನಿಯರ್ ಶ್ರೀಕಂಠಯ್ಯನವರು. ಅವರನ್ನು ಕೆಟ್ಟವರೆಂದು ಓದುಗರು ತಿಳಿಯಬಾರದು. ನನ್ನ ಸೇವೆಯಲ್ಲಿ ನಾನು ಕಂಡ ಮೇಲಧಿಕಾರಿಗಳಲ್ಲಿ ಕಟ್ಟಡವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದವರು ಇಬ್ಬರೇ, ಅವರಲ್ಲಿ ಇವರು ಒಬ್ಬರು. ನಶ್ಯ ಹಾಕುತ್ತಿದ್ದರು. ಗೋಡೆಯಲ್ಲಿ ಬಿರುಕು ಕಂಡರೆ ಮೊದಲು ಒಂದು ಚಿಟಿಕೆ ನಶ್ಯ, ಆಮೇಲೆ ಮಾತು. ಕಾರಕೂನರು ಬಾಗಿಲಾಚೆ ನಿಂತು ಸೀನುಗಳನ್ನು ಎಣಿಸಿ ಬಿರುಕು ಎಷ್ಟು ದೊಡ್ಡದೆಂದು ತಮ್ಮಲ್ಲೇ ಪಂಥ ಕಟ್ಟುತ್ತಿದ್ದರು.

ಚರ್ಚ್ ಮನೆಯನ್ನು ಮೊದಲ ಸಲ ಉಳಿಸಿದವರು ಅವರೇ. ಬಡಾವಣೆಯ ನಕ್ಷೆಯಲ್ಲಿ ಒಂದು ರಸ್ತೆ ನೇರವಾಗಿ ಬಂದು ಆ ಮನೆಯ ಗೋಪುರವನ್ನು ಕತ್ತರಿಸಿಕೊಂಡು ಹೋಗುತ್ತಿತ್ತು. ನಕ್ಷೆ ಮಾಡಿದವರಿಗೆ ರಸ್ತೆ ನೇರ ಇರಬೇಕು. ಶ್ರೀಕಂಠಯ್ಯನವರು ನನ್ನನ್ನೂ ಕರೆದುಕೊಂಡು ಆ ನಕ್ಷೆಯವರ ಕಛೇರಿಗೆ ಹೋದರು.

"ರೋಡು ಸ್ವಲ್ಪ ಬಗ್ಗಿದ್ರೆ ನಿಮಗೇನ್ರೀ ಸೊಂಟ ನೋವು?" ಎಂದರು.

"ಸಾರ್, ಇಡೀ ಲೇಔಟ್‌ನಲ್ಲಿ ಒಂದು ಸೊಟ್ಟ ರೋಡಿಲ್ಲ."

"ಒಂದಿರ್ಲಿ ಬಿಡಿ. ದೃಷ್ಟಿಬೊಟ್ಟು."

ರಸ್ತೆ ಬಗ್ಗಿತು. ಆ ದಿನ ಸಾವಿತ್ರಮ್ಮ ನಮಗೆಲ್ಲ ಒಬ್ಬಟ್ಟಿನ ಊಟ ಹಾಕಿದರು. ಆದರೆ ಬಗ್ಗಿದ ರಸ್ತೆಗೆ ಜಲ್ಲಿ ಹಾಕಿ ಎತ್ತರಿಸಿದಾಗ ಅದು ಮನೆಯ ಅಂಗಳಕ್ಕಿಂತ ಮೇಲಾಯಿತು. ಮಳೆ ಬಂದರೆ ರಸ್ತೆಯ ನೀರು ಗೋಡೆಯ ಬುಡಕ್ಕೆ ಇಳಿಯುತ್ತಿತ್ತು. ಚರಂಡಿ ಆಚೆ ಬದಿಗೆ ಇತ್ತು. ನಾವು ಅದನ್ನು ಕಂಡೆವು. ರಸ್ತೆ ನಮ್ಮದಲ್ಲ, ಬೇರೆ ಕಛೇರಿಯದು ಎಂದುಕೊಂಡೆವು. ಕೆಲಸಕ್ಕೆ ಹೊಸದಾಗಿ ಬರುವವರಿಗೆ ಒಂದು ಮಾತು: ನೀರಿಗೆ ಕಛೇರಿಗಳ ಗಡಿ ಗೊತ್ತಿರುವುದಿಲ್ಲ.

ಈಗ ಗಾರೆಯ ವಿಷಯ ಹೇಳಬೇಕು. ಇಂದಿನವರು ಗಾರೆ ಅರೆಯುವುದನ್ನು ನೋಡಿರಲಿಕ್ಕಿಲ್ಲ. ಸುಣ್ಣವನ್ನು ಗುಂಡಿಯಲ್ಲಿ ಅರಳಿಸಿ ನೀರಿನಲ್ಲಿ ಬಹುಕಾಲ ಕೊಳೆಯಲು ಬಿಡುತ್ತಿದ್ದೆವು. ಆಮೇಲೆ ಮರಳು ಸೇರಿಸಿ, ವೃತ್ತಾಕಾರದ ಕಲ್ಲಿನ ದೋಣಿಯಲ್ಲಿ ಹಾಕಿ, ಎತ್ತು ಎಳೆಯುವ ಕಲ್ಲುಗಾಲಿಯಲ್ಲಿ ಅರೆಸುವುದು. ಮಧ್ಯೆ ಮಧ್ಯೆ ಬೆಲ್ಲದ ನೀರು, ಅಳಲೆಕಾಯಿಯ ಕಷಾಯ. ನನ್ನ ಮೊದಲ ಎಡವಟ್ಟು ನಡೆದದ್ದು ಅಲ್ಲೇ. ಬೆಲ್ಲದ ನೀರಿನ ಕೊಳಗಕ್ಕೆ ಮುಚ್ಚಳ ಹಾಕಿಸುವುದನ್ನು ಮರೆತೆ. ಮಾರನೆಯ ದಿನ ಇರುವೆಗಳು ಎಷ್ಟು ಬಂದವೆಂದರೆ ಎತ್ತು ದೋಣಿಯ ಹತ್ತಿರ ಬರಲು ಒಪ್ಪಲಿಲ್ಲ. ಮೇಸ್ತ್ರಿ ಮುನಿಯಪ್ಪ, "ಸಾಮಿ, ಗಾರೆ ಮಾಡ್ತಿದ್ದೀವಾ, ಕಜ್ಜಾಯ ಮಾಡ್ತಿದ್ದೀವಾ?" ಎಂದು ಎಲ್ಲರ ಮುಂದೆ ಕೇಳಿದ. ಇಂಥ ತಪ್ಪುಗಳು ನಗಿಸಿ ಹೋಗುತ್ತವೆ. ಒಂದು ದೋಣಿ ಗಾರೆ ಹಾಳಾಯಿತು, ಅಷ್ಟೆ.

ಗಾರೆಯ ಗೋಡೆಗೆ ಒಂದು ಗುಣವುಂಟು. ನೆಲದಿಂದ ತೇವ ಮೇಲೇರುತ್ತದೆ, ಗಾರೆಯ ಮೂಲಕವೇ ಹೊರಬಂದು ಆರಿಹೋಗುತ್ತದೆ. ಮೇಲಿನ ಪದರ ಅಲ್ಲಲ್ಲಿ ಉದುರುತ್ತದೆ. ಉದುರಿದ ಕಡೆ ಹೊಸ ಗಾರೆ ಮೆತ್ತುವುದು, ವರ್ಷಕ್ಕೊಮ್ಮೆ ಸುಣ್ಣ ಬಳಿಯುವುದು. ಹೊರಗಿನ ಪದರ ಉದುರಿ ಉದುರಿ ಒಳಗಿನ ಗೋಡೆಯನ್ನು ಕಾಪಾಡುತ್ತಿತ್ತು ಎಂದು ಈಗ ಬರೆಯಬಲ್ಲೆ. ಆಗ ನಮ್ಮಲ್ಲಿ ಯಾರಿಗೂ ಹಾಗೆ ತೋರಲಿಲ್ಲ. ಮುನಿಯಪ್ಪನಿಗೂ ತೋರಲಿಲ್ಲ. ಉದುರುವುದು ನಮ್ಮೆಲ್ಲರ ಕಣ್ಣಿಗೆ ರೋಗದ ಹಾಗೆ ಕಾಣುತ್ತಿತ್ತು.

ಆ ರೋಗಕ್ಕೆ ಮದ್ದು ಸಿಮೆಂಟು. ಪರ್ಮಿಟ್ಟಿಲ್ಲದೆ ಒಂದು ಮೂಟೆಯೂ ಸಿಗದ ದಿನಗಳವು. ಮನೆ ಕಟ್ಟಿಸುವವರು ಸಿಮೆಂಟಿಗಾಗಿ ಮಂತ್ರಿಗಳ ಮನೆ ಬಾಗಿಲು ಕಾಯುತ್ತಿದ್ದರು. ಶ್ರೀಕಂಠಯ್ಯನವರು ನಾಲ್ಕು ಕಡೆ ಓಡಾಡಿ, ಬೇರೆಯ ಕೆಲಸಗಳನ್ನು ಹಿಂದಕ್ಕೆ ಹಾಕಿ, ಚರ್ಚ್ ಮನೆಗೆ ಸಿಮೆಂಟು ತಂದರು. ಲಾರಿ ಗೇಟಿನೊಳಗೆ ಬಂದಾಗ ಸಾವಿತ್ರಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದರು. ಮುನಿಯಪ್ಪ ಮೂಟೆಗಳಿಗೆ ಕೈಮುಗಿದ. ಅವನಿಗೆ ನಿಜವಾಗಿಯೂ ಖುಷಿಯಾಗಿತ್ತು.

"ಎತ್ತು ಬೇಡ, ಬೆಲ್ಲ ಬೇಡ, ಕಾಯೋದು ಬೇಡ. ನೀರಾಕಿ ಕಲಸಿದ್ರೆ ಆಯ್ತು ಸಾಮಿ. ಇನ್ನ ನಿಮ್ಮ ಇರುವೆ ಎಲ್ಲೋಯ್ತವೋ ಪಾಪ!"

ನೆಲದಿಂದ ಆಳೆತ್ತರದವರೆಗೆ ಹಳೆಯ ಗಾರೆಯನ್ನು ಕೆತ್ತಿ ತೆಗೆದು ಸಿಮೆಂಟಿನ ಗಿಲಾವು ಮಾಡಿದೆವು. ಒಳಗೂ, ಹೊರಗೂ. ತೊಲೆಗಳು ಗೋಡೆಯೊಳಗೆ ಹೋಗುವ ಕಡೆ ಸಂದಿಗಳನ್ನೆಲ್ಲ ಸಿಮೆಂಟಿನಿಂದ ಮುಚ್ಚಿದೆವು. ಮುಂಬಾಗಿಲ ಮೇಲಿನ ಗಜಲಕ್ಷ್ಮಿ ಮಾಸಿದ್ದಳು. ಅವಳಿಗೂ ಸಿಮೆಂಟು ಹಚ್ಚಿ ಮುನಿಯಪ್ಪ ಹೊಸ ರೂಪ ಕೊಟ್ಟ. ಸಾವಿತ್ರಮ್ಮ ಕೆಳಗೆ ನಿಂತು ಬಹಳ ಹೊತ್ತು ನೋಡಿದರು.

"ಮುನಿಯಪ್ಪ, ಆನೆ ಸೊಂಡಿಲು ಹೆಗ್ಗಣದ ಬಾಲ ಆಗಿದೆಯಲ್ಲೋ."

"ದೂರದಿಂದ ನೋಡಿ ಅಮ್ಮ."

"ಎಷ್ಟು ದೂರದಿಂದ? ಮೈಸೂರಿಂದಾನಾ?"

ಎಲ್ಲರೂ ನಕ್ಕೆವು. ಅವರೂ ನಕ್ಕರು. ಸಿಮೆಂಟು ಅಲ್ಲಿಗೆ ಮುಗಿಯಿತು. ಗೋಪುರಕ್ಕೆ ಸಾಲಲಿಲ್ಲ, ಅದು ಹಳೆಯ ಗಾರೆಯಲ್ಲೇ ಉಳಿಯಿತು. ಶ್ರೀಕಂಠಯ್ಯನವರು ಅದಕ್ಕಾಗಿ ಸಾವಿತ್ರಮ್ಮನವರ ಕ್ಷಮೆ ಕೇಳಿದರು. ಆ ವರ್ಷ ನೋಡಲು ಬಂದ ದೊಡ್ಡ ಅಧಿಕಾರಿಗಳು ನಮ್ಮ ಕೆಲಸವನ್ನು ಹೊಗಳಿದರು. ನನಗೂ ಹೊಗಳಿಕೆಯ ಪಾಲು ಬಂತು. ಹಳೆಯ ಮನೆ ಹೇಗಿರಬೇಕು ಎಂದು ಬೇರೆಯವರಿಗೆ ತೋರಿಸಲು ಅಲ್ಲಿಗೆ ಕರೆದುಕೊಂಡು ಬರುತ್ತಿದ್ದರು.

ಮೊದಲ ಒಂದೆರಡು ಮಳೆಗಾಲ ಏನೂ ಆಗಲಿಲ್ಲ. ಆಮೇಲೆ ಸಿಮೆಂಟು ಮುಗಿದು ಹಳೆಯ ಗಾರೆ ಶುರುವಾಗುವ ಕಡೆ, ಆಳೆತ್ತರದಲ್ಲಿ, ಗೋಡೆಯುದ್ದಕ್ಕೂ ಒಂದು ಒದ್ದೆ ಪಟ್ಟಿ ಕಾಣಿಸಿಕೊಂಡಿತು. ಮೊದಲು ತೇವ ಮೊಣಕಾಲಿನ ಮೇಲೆ ಏರುತ್ತಿರಲಿಲ್ಲ. ಈಗ ಹೊರಬರಲು ದಾರಿಯಿಲ್ಲದೆ ಅಷ್ಟು ಮೇಲೆ ಹತ್ತಿತ್ತು. ಅದು ಆಗ ನಮಗೆ ಹೊಳೆಯಲಿಲ್ಲ. ಪಟ್ಟಿ ಅಸಹ್ಯವಾಗಿ ಕಾಣುತ್ತದೆಂದು ಅದರ ಮೇಲೆ ಎಣ್ಣೆ ಬಣ್ಣ ಬಳಿದೆವು. ಪಟ್ಟಿ ಇನ್ನೂ ಮೇಲಕ್ಕೆ ಹೋಯಿತು. ಬಣ್ಣವನ್ನೂ ಮೇಲಕ್ಕೆ ಬಳಿದೆವು. ಹೀಗೆ ನಾವೂ ನೀರೂ ಪೈಪೋಟಿಯ ಮೇಲೆ ಗೋಡೆ ಹತ್ತಿದೆವು. ಕೋಣೆಗಳಲ್ಲಿ ಮುಗ್ಗಲು ವಾಸನೆ ಬರತೊಡಗಿತು. ಗೋಡೆಯ ಪಕ್ಕದ ಸಾಲಿನಲ್ಲಿ ಕೂರುವ ಹುಡುಗಿಯರ ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತದೆಂದು ಮುಖ್ಯೋಪಾಧ್ಯಾಯಿನಿ ದೂರು ಹೇಳಿದರು. ಪ್ರತಿ ದೂರಿಗೂ ನಮ್ಮಲ್ಲಿದ್ದ ಉತ್ತರ ಒಂದೇ, ಇನ್ನೊಂದು ಕೈ ಬಣ್ಣ.

ಅರವತ್ತರ ದಶಕದಲ್ಲಿ ಶಾಲೆಗೆ ನಲ್ಲಿ ನೀರು ಬಂತು. ಕೊಳವೆ ಹಾಯಿಸಲು ದೊಡ್ಡ ಕೋಣೆಯ ಗೋಡೆಯಲ್ಲಿ ಒಂದು ತೋಡು ಕೊರೆಸಬೇಕಾಯಿತು. ನಾನು ಪಕ್ಕದಲ್ಲೇ ನಿಂತಿದ್ದೆ. ಉಳಿ ಸಿಮೆಂಟಿನ ಪದರ ದಾಟುವವರೆಗೆ ಕಿಡಿ ಹಾರುತ್ತಿತ್ತು. ದಾಟಿದ ಕೂಡಲೇ ಶಬ್ದವೇ ನಿಂತಿತು. ಕೈ ಹಾಕಿದೆ. ಇಟ್ಟಿಗೆಗಳ ನಡುವಿನ ಗಾರೆ ಒದ್ದೆ ಹಿಟ್ಟಿನ ಹಾಗೆ ಬೆರಳಿಗೆ ಮೆತ್ತಿಕೊಂಡಿತು. ಮೇಲೆ ಮಾಳಿಗೆಯ ತೊಲೆಯ ತುದಿ ಗೋಡೆಯೊಳಗೆ ಹೋಗುವ ಕಡೆ ಏಣಿ ಹಾಕಿ ಸಿಮೆಂಟು ಒಡೆಸಿದೆ. ತೇಗದ ತೊಲೆ. ಅದರ ತುದಿಗೆ ಚಾಕು ಚುಚ್ಚಿದರೆ ಹಿಡಿಯವರೆಗೆ ಹೋಯಿತು. ಗೋಪುರದ ಕಡೆಗೆ ಹೋಗಿ ಸಿಮೆಂಟು ಕಾಣದ ಗೋಡೆಯನ್ನು ಬಡಿದು ನೋಡಿದೆ. ಕಲ್ಲಿನ ಸದ್ದು. ಆಗ ನನಗೆ ಅರ್ಥವಾಯಿತು. ಅನುಮಾನ ಉಳಿಯಲಿಲ್ಲ.

ಅಂದೇ ಶ್ರೀಕಂಠಯ್ಯನವರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ನಶ್ಯದ ಡಬ್ಬಿ ತೆಗೆದರು, ಆದರೆ ಹಾಕಲಿಲ್ಲ.

"ಎಲ್ಲ ಗೋಡೆನೂ ಹಾಗೇ ಇದೆ ಅಂತ ಹೇಗೆ ಹೇಳ್ತೀರಿ?"

"ಸಿಮೆಂಟ್ ಮಾಡಿದ ಗೋಡೆಗಳೆಲ್ಲ ಹಾಗೇ ಇರ್ಬೇಕು ಸಾರ್. ಕೆತ್ತಿ ತೆಗೆದು ಒಂದು ಬೇಸಿಗೆ ಆರೋಕೆ ಬಿಟ್ರೆ, ತೊಲೆ ತುದಿ ಬದಲಾಯಿಸಿದ್ರೆ..."

"ಸೀತಾರಾಮು." ಅವರು ನನ್ನ ಹೆಸರು ಹಿಡಿದು ಕರೆದು ಡಬ್ಬಿ ಮುಚ್ಚಿದರು. "ಆ ಸಿಮೆಂಟ್ ತರೋಕೆ ನಾನು ಯಾರ್ಯಾರ ಕಾಲು ಹಿಡಿದಿದೀನಿ ಗೊತ್ತೇನ್ರೀ? ಈಗ ಅದನ್ನ ಕಿತ್ತು ಬಿಸಾಕ್ತೀವಿ ಅಂತ ಯಾರ ಹತ್ರ ಹೋಗಿ ಹೇಳ್ಲಿ? ಹಳೇ ಗೋಡೆ. ಹಳೇದು ಹಾಗೇ ಇರುತ್ತೆ. ಹೋಗಿ, ಆ ತೋಡು ಮುಚ್ಚಿಸಿ."

ಮುಚ್ಚಿಸಿದೆ. ಸಿಮೆಂಟಿನಿಂದಲೇ.

ಎರಡು ಮಳೆಗಾಲ ಕಳೆದ ಮೇಲೆ, ಶಾಲೆಗೆ ರಜೆ ಇದ್ದ ಒಂದು ದಿನ, ದೊಡ್ಡ ಕೋಣೆಯ ತೊಲೆಯೊಂದು ಗೋಡೆಯಿಂದ ಜಾರಿ ಮಾಳಿಗೆಯ ಒಂದು ಭಾಗ ಬೆಂಚುಗಳ ಮೇಲೆ ಕುಸಿಯಿತು. ಯಾರಿಗೂ ಏನೂ ಆಗಲಿಲ್ಲ. ಮಾರನೆಯ ದಿನ ಹೋಗಿ ಗೋಡೆಯ ಪಕ್ಕದ ಆ ಸಾಲಿನ ಮುರಿದ ಬೆಂಚುಗಳನ್ನು ಒಂದೊಂದಾಗಿ ಎಣಿಸಿದೆ. ಶಾಲೆ ಹುಣಿಸೆ ಮರದ ಕೆಳಗೆ ನಡೆಯತೊಡಗಿತು. ಮೇಲಿನ ಕಛೇರಿಯಿಂದ ಮುಖ್ಯ ಇಂಜಿನಿಯರು ಪರಿಶೀಲನೆಗೆ ಬಂದರು.

ಆ ಬೆಳಗ್ಗೆ ದೊಡ್ಡ ಕೋಣೆಯಲ್ಲಿ ಇದ್ದವರು ಮುಖ್ಯ ಇಂಜಿನಿಯರು, ಶ್ರೀಕಂಠಯ್ಯನವರು, ನಾನು. ಬಾಗಿಲಲ್ಲಿ ಸಾವಿತ್ರಮ್ಮ, ಕಾಫಿಯ ಲೋಟಗಳಿದ್ದ ತಟ್ಟೆ ಹಿಡಿದು. ಅವರ ಹಿಂದೆ ನಾಗರಾಜ. ಅವನು ವಿಷಯ ತಿಳಿದು ಬಂದಿದ್ದ.

"ಇಷ್ಟೊಂದು ರಿಪೇರಿ ಮಾಡಿಸಿದೀರಿ. ಆದ್ರೂ ಹೀಗೆ ಯಾಕಾಯ್ತು?" ಎಂದರು ಮುಖ್ಯ ಇಂಜಿನಿಯರು.

ಶ್ರೀಕಂಠಯ್ಯನವರು ಬಿದ್ದ ಇಟ್ಟಿಗೆಗಳ ನಡುವಿನಿಂದ ಗಾಳಿಗೆ ಒಣಗಿದ್ದ ಒಂದು ಹಿಡಿ ಗಾರೆ ತೆಗೆದು ಅಂಗೈಯಲ್ಲಿ ಹಿಚುಕಿದರು. ಅದು ಪುಡಿಯಾಗಿ ಉದುರಿತು.

"ಮೂಲ ಕೆಲಸವೇ ಸರಿಯಿಲ್ಲ ಸಾರ್. ಕಂಟ್ರಾಕ್ಟರು ತನಗೇ ಕಟ್ಟಿಸಿಕೊಂಡ ಮನೆ, ಕೇಳೋರು ಯಾರು? ಸುಣ್ಣ ಕಡಿಮೆ, ಮರಳು ಜಾಸ್ತಿ. ನಾವು ಮೇಲೆ ಎಷ್ಟು ಹಚ್ಚಿದ್ರೂ ಒಳಗೆ ಇರೋದು ಇದೇ." ಅವರು ನನ್ನ ಕಡೆ ತಿರುಗಿದರು. "ಏನ್ರೀ ಸೀತಾರಾಮು?"

"ಹೌದು ಸಾರ್" ಎಂದೆ.

ಯಾರೂ ಹೆದರಿಸಿರಲಿಲ್ಲ. ಯೋಚಿಸಲು ಸಮಯ ಇರಲಿಲ್ಲ ಎಂದರೂ ಸುಳ್ಳಾಗುತ್ತದೆ. ಪ್ರಶ್ನೆಗೂ ಉತ್ತರಕ್ಕೂ ನಡುವೆ ನಾನು ಬಾಗಿಲ ಕಡೆ ನೋಡಿದ್ದೆ, ಅಲ್ಲಿ ಯಾರಿದ್ದಾರೆಂದು ನನಗೆ ತಿಳಿದಿತ್ತು.

ನಾಗರಾಜ ನಕ್ಕ. "ನೋಡಿದ್ಯಾ ದೊಡ್ಡಮ್ಮ. ದೊರೆಗಳಿಗೆಲ್ಲ ಗಟ್ಟಿ ಕಟ್ಟಿಕೊಟ್ಟು, ಸ್ವಂತ ಮನೆಗೆ ಮರಳು ತುಂಬಿದಾರೆ ತಾತ. ಇದನ್ನ ದಾನ ಬೇರೆ ಮಾಡಿದ್ಯಲ್ಲ, ಮಕ್ಕಳ ತಲೆ ಮೇಲೆ ಬೀಳ್ಲಿ ಅಂತ."

"ಸುಮ್ನಿರೋ" ಎಂದರು ಸಾವಿತ್ರಮ್ಮ. ಆಮೇಲೆ ಶ್ರೀಕಂಠಯ್ಯನವರನ್ನು ಕೇಳಿದರು, "ನಮ್ಮ ಮಾವ ಮಾಡಿಸಿದ್ದು ಕೆಟ್ಟ ಕೆಲಸಾನಾ?"

"ಹಳೇ ಕಾಲ ಅಮ್ಮ. ಆಗ ಹಾಗೇ" ಎಂದರು ಅವರು, ನೆಲ ನೋಡುತ್ತಾ.

ಸಾವಿತ್ರಮ್ಮ ಕಾಫಿ ಕೊಟ್ಟರು, ಒಬ್ಬೊಬ್ಬರಿಗೂ. ನನಗೆ ಲೋಟ ಕೊಡುವಾಗ, "ಬಿಸಿ ಇದೆ, ನಿಧಾನ" ಎಂದರು.

ಮನೆಯನ್ನು ಕೆಡವಿ ಅದೇ ಜಾಗದಲ್ಲಿ ಹೊಸ ಕಟ್ಟಡ ಕಟ್ಟುವುದೆಂದು ತೀರ್ಮಾನವಾಯಿತು. ಹೊಸ ಶಾಲೆಗೆ ಬಡಾವಣೆಯ ಹೆಸರೇ ಸಾಕು, ಮಕ್ಕಳ ಜೀವಕ್ಕೆ ಅಪಾಯ ತಂದ ಮನೆ ಕಟ್ಟಿಸಿದವರ ಹೆಸರು ಬೇಡ ಎಂಬ ಮಾತು ಎಲ್ಲಿಂದಲೋ ಹುಟ್ಟಿತು. ನನ್ನ ಬಾಯಿಂದ ಬಂದ ಎರಡು ಪದ ಅದಕ್ಕೆ ಎಷ್ಟು ಬಲ ಕೊಟ್ಟಿತೋ ನಾನು ಅಳೆಯಲಾರೆ. ಗೇಟಿನ ಹಲಗೆಯನ್ನು ಇಳಿಸಿದರು. ಸಾವಿತ್ರಮ್ಮ ಹೊರಗೆ ಬರುವುದನ್ನೇ ಬಿಟ್ಟರು. ಶಾಲೆ ಬಿಟ್ಟ ಮೇಲೆ ಹುಡುಗಿಯರು ಅವರ ಕೋಣೆಯ ಮುಂದೆ ಹೂವಿಗೋ ಮಜ್ಜಿಗೆಗೋ ನಿಲ್ಲುತ್ತಿದ್ದದ್ದೂ ನಿಂತಿತು. ಮನೆ ಕೆಡವುವ ತನಕ ಆ ಕೋಣೆಯಲ್ಲಿ ಇದ್ದು, ಆಮೇಲೆ ನಾಗರಾಜನ ಮನೆಗೆ ಹೋಗಬೇಕೆಂದಾಯಿತು. ಹೋಗಲು ಬೇರೆ ಕಡೆ ಇರಲಿಲ್ಲ. ಕೊಂಕು ಮಾತಿನ ಮನೆಯಲ್ಲಿ ಮಾವನ ಹೆಸರು ಇಲ್ಲದೆ ಇರುವುದು ಅವರ ಪಾಲಿಗೆ ಬಂತು.

ಗೋಪುರವನ್ನಾದರೂ ಬಿಡೋಣವೇ ಎಂದು ನಾನು ಶ್ರೀಕಂಠಯ್ಯನವರನ್ನು ಒಮ್ಮೆ ಕೇಳಿದೆ.

"ಬಿಟ್ಟು? ಗಂಟೆ ಕಟ್ತೀರಾ? ನೀವೇ ಪಾದ್ರಿ ಆಗ್ತೀರಾ?" ಎಂದರು. ಅದರಲ್ಲಿ ಅವರ ಹಳೆಯ ತಮಾಷೆಯ ದನಿ ಇತ್ತು, ಮುಖದಲ್ಲಿ ಇರಲಿಲ್ಲ. ಅವರಿಗೂ ತಿಳಿದಿತ್ತು ಎಂಬುದು ನನ್ನ ನಂಬಿಕೆ. ಗೋಪುರ ಉಳಿದರೆ ಅದು ನಮ್ಮ ಮಾತಿಗೆ ಎದುರು ಸಾಕ್ಷಿಯಾಗಿ ನಿಲ್ಲುತ್ತಿತ್ತು.

ಕೆಡವುವ ಕೆಲಸ ಹಿಡಿದವರು ಬಾಬು ಸಾಬ್. ಹಳೆಯ ಮನೆ ಬೀಳಿಸಿ ತೊಲೆ, ಬಾಗಿಲು, ಗಾಜು ಮಾರುವವರು. ನಾವು ಸಿಮೆಂಟು ಮಾಡಿದ ಗೋಡೆಗಳು ಬೇಗ ಬಂದವು. ಬುಡದಲ್ಲಿ ಹಾರೆ ಹಾಕಿ ಮೀಟಿದರೆ ಗೋಡೆ ತಾನಾಗಿಯೇ ಕೂರುತ್ತಿತ್ತು. ಆಮೇಲೆ ಗೋಪುರಕ್ಕೆ ಬಂದರು. ಬೆಳಗಿನಿಂದ ಬಡಿದರೂ ಹೊರಪದರ ಬಿಟ್ಟು ಏನೂ ಬರಲಿಲ್ಲ. ಮೊಂಡಾದ ಹಾರೆಗಳನ್ನು ಕಮ್ಮಾರನಲ್ಲಿಗೆ ಕಳಿಸಿದರು. ಮಾರನೆಯ ದಿನವೂ ಹಾಗೇ. ಬಾಬು ಸಾಬ್ ನನ್ನ ಬಳಿ ಬಂದು ಬೆವರು ಒರೆಸಿಕೊಂಡರು.

"ಕ್ಯಾ ಸಾರ್, ಪುಡಿ ಪುಡಿ ಮನೆ, ಊದಿದ್ರೆ ಬೀಳತ್ತೆ ಅಂದ್ರಲ್ಲ? ನನ್ನ ಹುಡುಗ್ರು ಇವತ್ತು ಹಾರೆ ಬಿಟ್ಟು ಓಡೋಗ್ತಾರೆ. ಇದೇನು ಗಾರೆನಾ, ಕಬ್ಬಿಣಾನಾ? ಯಾರ್ರೀ ಕಟ್ಟಿದ್ದು ಇದನ್ನ, ರಾಕ್ಷಸ!"

ಅವರು ಗಟ್ಟಿಯಾಗಿಯೇ ಹೇಳಿದರು. ಹುಣಿಸೆ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಸಾವಿತ್ರಮ್ಮ ಕೂತಿದ್ದರು. ಪಕ್ಕದಲ್ಲಿ ಗಂಟುಮೂಟೆ. ನಾಗರಾಜ ಅವರನ್ನು ಕರೆದೊಯ್ಯಲು ಗಾಡಿ ತಂದಿದ್ದ. ಗೇಟಿನಾಚೆ ಬಗ್ಗಿದ ರಸ್ತೆಯ ಮೇಲೆ ಶ್ರೀಕಂಠಯ್ಯನವರ ಜೀಪು ನಿಂತಿತ್ತು. ಅವರು ಅದರಲ್ಲಿ ಕೂತು ಕಾಗದ ನೋಡುತ್ತಿದ್ದರು, ಒಳಗೆ ಬಂದಿರಲಿಲ್ಲ.

"ಓವರ್ಸಿಯರ್ರೇ, ಇಲ್ಲಿ ಬನ್ನಿ" ಎಂದು ಸಾವಿತ್ರಮ್ಮ ಕರೆದರು. ಹೋದೆ.

"ಕೆಟ್ಟ ಗಾರೆ ಅಂದ್ರಿ. ಮರಳು ಜಾಸ್ತಿ ಅಂದ್ರಿ. ಮತ್ತೆ ಯಾಕೆ ಬೀಳ್ತಿಲ್ಲ ಅದು?"

ಅದು ಕುಟುಕುವ ದನಿಯಲ್ಲ. ಅವರಿಗೆ ನಿಜವಾಗಿ ಉತ್ತರ ಬೇಕಿತ್ತು. ನಾನು ಅವರ ಕಾಲಿನ ಬಳಿ ಕುಕ್ಕರಗಾಲಿನಲ್ಲಿ ಕೂತು ಹೇಳಿದೆ. ನಿಮ್ಮ ಮಾವನವರ ಗಾರೆ ಒಳ್ಳೆಯದು. ಗೋಡೆ ಒಳ್ಳೆಯದು. ನಾವು ಸಿಮೆಂಟು ಹಚ್ಚಿ ಅದರ ತೇವ ಹೊರಬರದ ಹಾಗೆ ಮಾಡಿದೆವು, ಒಳಗೇ ಕೊಳೆಯಿತು. ಹಚ್ಚದ ಕಡೆ ಗೋಡೆ ಹೀಗಿದೆ. ಅಂದು ನಾನು ಹೌದು ಎಂದದ್ದು ಸುಳ್ಳು.

ಗೋಪುರದ ಮೇಲೆ ಹಾರೆ ಬೀಳುವ ಸದ್ದು ಕೇಳುತ್ತಿತ್ತು. ಆಮೇಲೆ, "ನಾಗರಾಜ, ಇಲ್ಲಿ ಬಾರೋ" ಎಂದರು. ಅವನು ಬಂದ. "ನನಗೆ ಹೇಳಿದ್ದನ್ನ ಇವನಿಗೂ ಹೇಳಿ."

ಹೇಳಿದೆ. ನಾಗರಾಜ ತಲೆ ತಗ್ಗಿಸಿ ಬೆರಳಿಗೆ ಗಾಡಿಯ ಹಗ್ಗ ಸುತ್ತುತ್ತಾ ನಿಂತ.

ಸಾವಿತ್ರಮ್ಮ ಕೈಯೆತ್ತಿ ಬಾಬು ಸಾಬರನ್ನು ನಿಲ್ಲಿಸಿದರು. ಕೂಲಿಯವರು ಹಾರೆ ಇಳಿಸಿ ನಮ್ಮ ಕಡೆ ತಿರುಗಿದರು.

"ಈಗ ಎಲ್ಲರಿಗೂ ಹೇಳಿ. ಗಟ್ಟಿಯಾಗಿ ಹೇಳಿ. ಅವತ್ತು ಎಲ್ಲರ ಮುಂದೆ ಹೇಳಿದ್ರಲ್ಲ, ಹಾಗೆ."

ನಾನು ಎದ್ದು ನಿಂತೆ. ಗೇಟಿನ ಕಡೆ ಒಮ್ಮೆ ನೋಡಿದೆ. ಜೀಪಿನಲ್ಲಿ ಶ್ರೀಕಂಠಯ್ಯನವರು ಕಾಗದದಿಂದ ತಲೆ ಎತ್ತಿದ್ದರು.

ಹೇಳಿದೆ. ಕೂಲಿಯವರಿಗೆ ಕೇಳಿಸುವಷ್ಟು ಜೋರಾಗಿ, ಜೀಪಿನವರೆಗೆ ಮುಟ್ಟದಷ್ಟು ಮೆಲ್ಲಗೆ. ಆ ಅಳತೆಯಲ್ಲಿ ನಾನು ಸ್ವಲ್ಪವೂ ತಪ್ಪಲಿಲ್ಲ.

ಸಾವಿತ್ರಮ್ಮ ಜೀಪಿನ ಕಡೆ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು.

"ಸಾಕು, ಹೋಗಿ" ಎಂದರು.